ಕೆಸರಿನಲ್ಲಿ ಕವಲೊಡೆದ ಪಾಚಿ: ಎಂ.ಒ.ಪಿ. ಅಯ್ಯಂಗಾರ್ ಅವರ ಬದುಕು

ಭಾರತದ ಪಾಚಿ ವಿಜ್ಞಾನದ ಪಿತಾಮಹ ಎಂದು ಸಸ್ಯಶಾಸ್ತ್ರಜ್ಞರು ಗೌರವದಿಂದ ಕರೆಯುವುದು ಎಂ.ಒ.ಪಿ. ಅಯ್ಯಂಗಾರ್ ಅವರನ್ನು. ಪೂರ್ತಿ ಹೆಸರು ಮಂಡಯಂ ಒಸೂರಿ ಪಾರ್ಥಸಾರಥಿ ಅಯ್ಯಂಗಾರ್. 1886ರ ಡಿಸೆಂಬರ್ 15ರಂದು ಮದ್ರಾಸಿನಲ್ಲಿ ಹುಟ್ಟಿದರು. 1963ರ ಡಿಸೆಂಬರ್ 10ರಂದು, ಎಪ್ಪತ್ತೇಳು ತುಂಬಲು ಇನ್ನು ಐದು ದಿನ ಇರುವಾಗ ತೀರಿಕೊಂಡರು. ಈ ನಡುವಿನ ವರ್ಷಗಳಲ್ಲಿ ಅವರು ಮಾಡಿದ ಮುಖ್ಯ ಕೆಲಸ, ನಾವೆಲ್ಲ ಕಾಲು ಜಾರುತ್ತದೆ ಎಂದು ಬೈಯುವ ಪಾಚಿಯನ್ನು ಗಮನವಿಟ್ಟು ನೋಡಿದ್ದು.

ಕಾಮರ್ಸ್ ವಿದ್ಯಾರ್ಥಿ ಇದನ್ನು ಯಾಕೆ ಬರೆಯುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ಈ ಸಲದ ಸಂಚಿಕೆಗೆ ನಮ್ಮ ಕನ್ನಡ ಮೇಷ್ಟ್ರು ಒಂದು ನಿಯಮ ಮಾಡಿದರು. ಜೀವನ ಪರಿಚಯ ಬರೆಯುವವರು ತಮ್ಮ ವಿಭಾಗದ ವ್ಯಕ್ತಿಯನ್ನು ಆರಿಸಬಾರದು. ವಿಜ್ಞಾನದವರು ವ್ಯಾಪಾರಿಗಳ ಬಗ್ಗೆ, ಕಲಾ ವಿಭಾಗದವರು ಗಣಿತಜ್ಞರ ಬಗ್ಗೆ, ನಾವು ವಿಜ್ಞಾನಿಗಳ ಬಗ್ಗೆ ಬರೆಯಬೇಕು. ಚೀಟಿ ಎತ್ತಿದಾಗ ನನಗೆ ಸಸ್ಯಶಾಸ್ತ್ರ ಬಂತು. ಸಸ್ಯಶಾಸ್ತ್ರದ ಮೇಡಂ ಹತ್ತಿರ ಹೋಗಿ ಯಾರ ಬಗ್ಗೆ ಬರೆಯಲಿ ಎಂದು ಕೇಳಿದೆ. ಅವರು ಒಂದು ಹಳೆಯ ಪಠ್ಯಪುಸ್ತಕ ತೆಗೆದು, ಫ್ರಿಟ್ಶಿಯೆಲ್ಲಾ ಎಂಬ ಪಾಚಿಯ ಚಿತ್ರ ತೋರಿಸಿ, ಇದನ್ನು ಕಂಡುಹಿಡಿದವರ ಬಗ್ಗೆ ಬರೆ ಎಂದರು. ಆ ಚಿತ್ರ ಒಂದು ಚಿಕ್ಕ ಗಿಡದ ಹಾಗೆಯೇ ಇತ್ತು. ಬೇರಿನಂಥದ್ದು ಕೆಳಗೆ, ಗೆಡ್ಡೆಯಂಥದ್ದು ನಡುವೆ, ಕೊಂಬೆಯಂಥದ್ದು ಮೇಲೆ. ಆದರೆ ಅದು ಗಿಡವಲ್ಲ, ಪಾಚಿ. ಅಲ್ಲಿಂದ ನನ್ನ ಓದು ಶುರುವಾಯಿತು.

ಮೊದಲು ಪಾಚಿಯ ಬಗ್ಗೆ ಎರಡು ಮಾತು. ಉರ್ದುವಿನಲ್ಲಿ ಪಾಚಿಗೆ ಕಾಯೀ ಎನ್ನುತ್ತೇವೆ. ಮನೆಯಲ್ಲಿ ಅಮ್ಮಿ ಸಂಪಿನಲ್ಲಿ ಕಾಯೀ ಬಂದಿದೆ ಎಂದರೆ, ಪಕ್ಕದ ಮನೆಯ ಆಂಟಿಗೆ ಸಂಪಿನೊಳಗೆ ತೆಂಗಿನಕಾಯಿ ಬಿದ್ದಿದೆಯೇ ಎಂದು ಗಾಬರಿ. ಎರಡು ಭಾಷೆಯಲ್ಲೂ ಅದರ ಮರ್ಯಾದೆ ಮಾತ್ರ ಒಂದೇ. ಸಂಪಿನಲ್ಲಿ ಬಂದರೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಮಸೀದಿಯ ಹೌಜಿನ ಅಂಚಿನಲ್ಲಿ ಬಂದರೆ, ವಜೂ ಮಾಡುವ ಹಿರಿಯರು ಜಾರಬಾರದೆಂದು ಉಜ್ಜಿ ತೊಳೆಯುತ್ತೇವೆ. ಕೆರೆಯ ಮೇಲೆ ಬಂದರೆ ನೀರು ಕೆಟ್ಟಿತು ಎನ್ನುತ್ತೇವೆ. ಪಾಚಿಗಳಲ್ಲಿ ಸಾವಿರಾರು ಜಾತಿಗಳಿವೆ, ಒಂದೊಂದರ ಮೈಕಟ್ಟು ಬೇರೆ, ಬದುಕು ಬೇರೆ ಎಂಬುದು ಈ ಲೇಖನಕ್ಕೆ ಓದುವವರೆಗೆ ನನಗೆ ಗೊತ್ತಿರಲಿಲ್ಲ.

ಈಗ ಅಯ್ಯಂಗಾರ್ ಅವರ ಬದುಕಿಗೆ ಬರೋಣ. ಅವರ ಹೆಸರಿನ ಮೊದಲ ಅಕ್ಷರದಲ್ಲೇ ನಮ್ಮ ರಾಜ್ಯದ ಒಂದು ಊರು ಇದೆ. ಮಂಡಯಂ ಎಂದರೆ ಮಂಡ್ಯ. ಮೇಲುಕೋಟೆ, ಮಂಡ್ಯ, ಮೈಸೂರು ಕಡೆಯ ಶ್ರೀವೈಷ್ಣವ ಕುಟುಂಬಗಳಿಗೆ ಮಂಡಯಂ ಅಯ್ಯಂಗಾರರೆಂದು ಹೆಸರು. ಆ ಬಳಗದ ಕೆಲವು ಕುಟುಂಬಗಳು ಮದ್ರಾಸಿನಲ್ಲಿ ನೆಲೆಸಿದ್ದವು. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು, ಹೆಸರಿನಲ್ಲಿ ಮತ್ತೊಂದು ಊರು ಇರುವುದು ಕೋಲಾರದವರಾದ ನಮಗೆ ಹೊಸದೇನಲ್ಲ. ಇಲ್ಲಿ ಒಂದೇ ಬೆಂಚಿನಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕೂ ಕೂರುತ್ತವೆ.

ಅವರು ಮದ್ರಾಸಿನ ತಿರುವಲ್ಲಿಕೇಣಿಯ ಹಿಂದೂ ಹೈಸ್ಕೂಲಿನಲ್ಲಿ ಓದಿದರು. ಆಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1906ರಲ್ಲಿ ಬಿ.ಎ., 1909ರಲ್ಲಿ ಎಂ.ಎ. ಮುಗಿಸಿದರು. ಆ ಕಾಲದಲ್ಲಿ ವಿಜ್ಞಾನ ಓದಿದವರಿಗೂ ಬಿ.ಎ., ಎಂ.ಎ. ಪದವಿಗಳನ್ನೇ ಕೊಡುತ್ತಿದ್ದರು. ಓದು ಮುಗಿದ ಮೇಲೆ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕ್ಯುರೇಟರ್ ಆದರು. ಸಂಗ್ರಹಿಸಿದ ಮಾದರಿಗಳನ್ನು ಜೋಡಿಸುವುದು, ಹೆಸರು ಬರೆದಿಡುವುದು, ಕೆಡದಂತೆ ಕಾಪಾಡುವುದು ಇಂಥ ಜಾಗದ ಕೆಲಸ. 1911ರಲ್ಲಿ ಸೈದಾಪೇಟೆಯ ಶಿಕ್ಷಕರ ಕಾಲೇಜಿಗೆ ಉಪನ್ಯಾಸಕರಾಗಿ ಹೋದರು. ಮುಂದೆ ಮೇಷ್ಟ್ರಾಗುವವರಿಗೆ ಅಲ್ಲಿ ಪಾಠ ಹೇಳಬೇಕಿತ್ತು. 1920ರಲ್ಲಿ ತಾವು ಓದಿದ ಪ್ರೆಸಿಡೆನ್ಸಿ ಕಾಲೇಜಿಗೇ ಸಸ್ಯಶಾಸ್ತ್ರ ಕಲಿಸಲು ಬಂದರು. ಆಗ ಅವರ ವಯಸ್ಸು 33.

ಇಲ್ಲಿಯವರೆಗಿನ ಬದುಕನ್ನು ಲೆಕ್ಕದ ಪುಸ್ತಕದಲ್ಲಿ ಬರೆದರೆ ದೊಡ್ಡ ಮೊತ್ತವೇನೂ ಕಾಣುವುದಿಲ್ಲ. ಪದವಿ, ನೌಕರಿ, ವರ್ಗಾವಣೆ, ಮತ್ತೆ ನೌಕರಿ. ನಾವು ಓದುವ ಸಾಧಕರ ಕಥೆಗಳಲ್ಲಿ ಇಪ್ಪತ್ತೈದಕ್ಕೇ ಏನೋ ಒಂದು ದೊಡ್ಡದು ನಡೆದುಬಿಟ್ಟಿರುತ್ತದೆ. ಅಯ್ಯಂಗಾರ್ ಅವರ ಹೆಸರು ಇಂದಿಗೂ ಪಠ್ಯಪುಸ್ತಕದಲ್ಲಿ ಉಳಿಯುವಂತೆ ಮಾಡಿದ ಕೆಲಸ ಅಚ್ಚಾದದ್ದು 1932ರಲ್ಲಿ. ಆಗ ಅವರಿಗೆ 45 ದಾಟಿತ್ತು.

ಪಾಚಿಯನ್ನು ಅಭ್ಯಾಸ ಮಾಡಲು ದೊಡ್ಡ ಕಾಡು ಬೇಕಿಲ್ಲ, ಬೆಟ್ಟ ಹತ್ತಬೇಕಿಲ್ಲ. ಮದ್ರಾಸಿನಲ್ಲಿ ಮಳೆ ಬಂದರೆ ಹೊಂಡ ತುಂಬುತ್ತದೆ, ಬಿಸಿಲು ಬಂದರೆ ಒಣಗುತ್ತದೆ. ದಕ್ಷಿಣ ಭಾರತದ ಎಲ್ಲ ಕಡೆಯೂ ಹೀಗೆಯೇ. ಹೊಂಡದ ನೀರು, ಕೆರೆಯ ಅಂಚು, ಒದ್ದೆ ಮಣ್ಣು, ಸಮುದ್ರದ ಬಂಡೆ, ಎಲ್ಲೆಲ್ಲಿ ಹಸಿರು ಕಂಡರೂ ಅದು ಅವರಿಗೆ ಕೆಲಸದ ಜಾಗ. ರಾಮೇಶ್ವರದ ಬಳಿ ಮನ್ನಾರ್ ಕೊಲ್ಲಿಯಲ್ಲಿ ಕ್ರುಸಡಾಯ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಸಸ್ಯಗಳ ಬಗ್ಗೆ ಅವರು ಬರೆದದ್ದನ್ನು 1927ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯ ಪ್ರಕಟಿಸಿತು. ಸಿಹಿನೀರಿನಲ್ಲಿ ಗುಂಪುಗುಂಪಾಗಿ ಈಜುವ ವಾಲ್ವಾಕ್ಸ್ ಬಳಗದ ಪಾಚಿಗಳ ಬಗ್ಗೆ ಅವರ ದೊಡ್ಡ ಲೇಖನ 1933ರಲ್ಲಿ ಬಂತು. ಸ್ಪೈರೋಗೈರಾ ಮತ್ತು ಅದರ ಬಂಧುಗಳನ್ನೂ ಅವರು ಬಹಳ ಕಾಲ ಅಭ್ಯಾಸ ಮಾಡಿದರು.

ಅವರ ಮುಖ್ಯ ಶೋಧ ಅರ್ಥವಾಗಬೇಕಾದರೆ ಪಾಚಿಗಳ ಮೈಕಟ್ಟು ಸ್ವಲ್ಪ ತಿಳಿಯಬೇಕು. ಮೇಡಂ ನನಗೆ ಬೋರ್ಡಿನ ಮೇಲೆ ಬರೆದು ತೋರಿಸಿದ ಕ್ರಮದಲ್ಲೇ ಹೇಳುತ್ತೇನೆ. ಕೆಲವು ಪಾಚಿಗಳು ಒಂದೇ ಒಂದು ಜೀವಕೋಶ. ಕೆಲವು ಹಲವು ಕೋಶಗಳ ಗುಂಪು, ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಬರುವ ವಾಲ್ವಾಕ್ಸ್ ಹೀಗೆ. ಇನ್ನು ಕೆಲವು ಕೋಶದ ತುದಿಗೆ ಕೋಶ ಸೇರಿ ಆದ ದಾರ. ಇವುಗಳಿಗೆ ತಂತು ಪಾಚಿ ಎನ್ನುತ್ತಾರೆ. ಯುಲೋಥ್ರಿಕ್ಸ್, ಸ್ಪೈರೋಗೈರಾ ಇದಕ್ಕೆ ಉದಾಹರಣೆ. ಸ್ಪೈರೋಗೈರಾವನ್ನು ಕೈಯಲ್ಲಿ ಹಿಡಿದರೆ ರೇಷ್ಮೆ ನೂಲಿನಂತೆ ನುಣುಪು, ಬೆರಳಿನಿಂದ ಜಾರುತ್ತದೆ. ಈ ದಾರಕ್ಕೆ ಕವಲಿಲ್ಲ.

ಮುಂದಿನ ಹಂತದಲ್ಲಿ ದಾರ ಕವಲೊಡೆಯುತ್ತದೆ. ಕ್ಲಾಡೋಫೋರಾ ಎಂಬ ಪಾಚಿ ಮುಟ್ಟಿದರೆ ಹತ್ತಿಯ ದಾರದಂತೆ ಒರಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಣಗಿದ ಹುಣಸೆ ಮರದ ಹಾಗೆ ಕೊಂಬೆ ಮೇಲೆ ಕೊಂಬೆ. ಕವಲೊಡೆಯುವುದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಸಣ್ಣದಲ್ಲ. ಕವಲಿಲ್ಲದ ದಾರದಲ್ಲಿ ಹೆಚ್ಚುಕಡಿಮೆ ಎಲ್ಲ ಕೋಶಗಳದ್ದೂ ಒಂದೇ ಕೆಲಸ. ಕವಲು ಬಂದ ಮೇಲೆ ಒಂದು ಕವಲು ಒಂದು ಕೆಲಸ, ಇನ್ನೊಂದು ಕವಲು ಬೇರೆ ಕೆಲಸ ಮಾಡಬಹುದು. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಶ್ರಮ ವಿಭಜನೆ ಎಂಬ ಪಾಠವಿದೆಯಲ್ಲ, ಅದೇ ಇದು.

ಇನ್ನೂ ಮುಂದಿನ ಹಂತದ ಕೆಲವು ಪಾಚಿಗಳಲ್ಲಿ ಮೈ ಎರಡು ಭಾಗವಾಗಿರುತ್ತದೆ. ಒಂದು ಭಾಗ ಕಲ್ಲಿಗೋ ಮಣ್ಣಿಗೋ ಅಂಟಿಕೊಂಡು ಅಡ್ಡ ಹರಡುತ್ತದೆ. ಇನ್ನೊಂದು ಅದರಿಂದ ಮೇಲಕ್ಕೆ ಎದ್ದು ಕವಲೊಡೆಯುತ್ತದೆ. ಹೀಗಿರುವುದಕ್ಕೆ ಸಸ್ಯಶಾಸ್ತ್ರದಲ್ಲಿ ಹೆಟೆರೋಟ್ರೈಕಸ್ ರಚನೆ ಎಂದು ಹೆಸರು. ಹರಿಯುವ ನೀರಿನ ಕಲ್ಲಿನ ಮೇಲೆ ಬೆಳೆಯುವ ಸ್ಟಿಜಿಯೋಕ್ಲೋನಿಯಂ ಇಂಥದ್ದು. ಅಯ್ಯಂಗಾರ್ ಅವರಿಗೆ ಸಿಕ್ಕ ಪಾಚಿ ಇದೇ ಬಳಗದ್ದು. ಆದರೆ ಅದು ಬೆಳೆದಿದ್ದ ಜಾಗ ಬೇರೆ.

ಮಳೆಯ ನೀರು ನಿಂತು, ಇಂಗಿ, ಒಣಗುತ್ತಾ ಬಂದ ಹೊಂಡದ ತಳದಲ್ಲಿ ನುಣ್ಣನೆಯ ಹೂಳು ಉಳಿಯುತ್ತದೆ. ಆ ಒದ್ದೆ ಹೂಳಿನ ಮೇಲೆ ಅಲ್ಲಲ್ಲಿ ಹಸಿರು ಮಚ್ಚೆ ಕಾಣುತ್ತದೆ. ಅಂಥ ಮಚ್ಚೆಯ ಮಣ್ಣನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಈ ಪಾಚಿ ಕಂಡಿತು. ಅದಕ್ಕೆ ನಾಲ್ಕು ಭಾಗ. ಮಣ್ಣಿನೊಳಗೆ ದುಂಡುದುಂಡಾದ ಕೋಶಗಳ ಗೊಂಚಲು, ಪುಟ್ಟ ಗೆಡ್ಡೆಯ ಹಾಗೆ. ಅದರಿಂದ ಕೆಳಕ್ಕೆ ಬಣ್ಣವಿಲ್ಲದ ಬೇರಿನಂಥ ಎಳೆಗಳು. ಮೇಲಕ್ಕೆ ನೆಲದ ಮಟ್ಟದ ತನಕ ಬರುವ ಮೊದಲ ಕವಲುಗಳು. ಅವುಗಳಿಂದ ನೆಲದ ಮೇಲೆ ಗಾಳಿಗೆ ಚಾಚುವ ಎರಡನೆಯ ಹಸಿರು ಕವಲುಗಳು. ಬಿಸಿಲಿಗೆ ಮೇಲಿನದೆಲ್ಲ ಒಣಗಿದರೂ, ಆಹಾರ ತುಂಬಿಕೊಂಡ ಗೆಡ್ಡೆಯಂಥ ಗೊಂಚಲು ಮಣ್ಣಿನಲ್ಲಿ ಉಳಿಯುತ್ತದೆ. ಮತ್ತೆ ಹದ ಬಂದಾಗ ಚಿಗುರುತ್ತದೆ. ಬೇಸಿಗೆ ಕಳೆದು ಮೊದಲ ಮಳೆಗೆ ಶುಂಠಿ ಮೊಳೆಯುವುದನ್ನು ನೆನೆಸಿಕೊಳ್ಳಿ. ಅದೇ ಉಪಾಯವನ್ನು ಕಣ್ಣಿಗೆ ಸರಿಯಾಗಿ ಕಾಣದ ಒಂದು ಪಾಚಿ ಮಾಡುತ್ತಿತ್ತು.

ಇದು ವಿಜ್ಞಾನಕ್ಕೆ ಹೊಸ ಕುಲ. ಅಯ್ಯಂಗಾರ್ ಇದಕ್ಕೆ ಫ್ರಿಟ್ಶಿಯೆಲ್ಲಾ ಟ್ಯೂಬರೋಸಾ ಎಂದು ಹೆಸರಿಟ್ಟು 1932ರಲ್ಲಿ ಇಂಗ್ಲೆಂಡಿನ ನ್ಯೂ ಫೈಟಾಲಜಿಸ್ಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಟ್ಯೂಬರೋಸಾ ಎಂದರೆ ಗೆಡ್ಡೆಯುಳ್ಳದ್ದು. ಫ್ರಿಟ್ಶಿಯೆಲ್ಲಾ ಎಂಬುದು ಅವರ ಗುರುವಿನ ಹೆಸರು.

ಗುರು ಎಂದೆ. ಇದು ಈ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ ಭಾಗ. 1930ರಲ್ಲಿ, ತಾವೇ ಹತ್ತೊಂಬತ್ತು ವರ್ಷ ಪಾಠ ಹೇಳಿದ ಮೇಲೆ, ಅಯ್ಯಂಗಾರ್ ಸಂಶೋಧನೆಗೆಂದು ಲಂಡನ್ನಿಗೆ ಹೊರಟರು. ಈಗ ಕ್ವೀನ್ ಮೇರಿ ಎಂದು ಕರೆಯುವ ಕಾಲೇಜಿನಲ್ಲಿ ಎಫ್.ಇ. ಫ್ರಿಟ್ಶ್ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪಾಚಿಗಳ ವಿಷಯದಲ್ಲಿ ಅವರ ಮಾತಿಗೆ ಜಗತ್ತಿನಲ್ಲೇ ತೂಕವಿತ್ತು. ಫ್ರಿಟ್ಶ್ ಹುಟ್ಟಿದ್ದು 1879ರಲ್ಲಿ. ಅಂದರೆ ಗುರು ಶಿಷ್ಯನಿಗಿಂತ ಏಳೇ ವರ್ಷ ದೊಡ್ಡವರು. ನಲವತ್ತು ದಾಟಿದ, ಸ್ವಂತ ಶಿಷ್ಯರಿದ್ದ ಒಬ್ಬ ಮೇಷ್ಟ್ರು ಮತ್ತೆ ವಿದ್ಯಾರ್ಥಿಯ ಬೆಂಚಿಗೆ ಬಂದು ಕೂತರು, ಲಂಡನ್ ವಿಶ್ವವಿದ್ಯಾಲಯದ ಪಿಎಚ್.ಡಿ. ಪಡೆದರು.

ಇದನ್ನು ಓದಿದ ದಿನ ನಾನು ಮನೆಯಲ್ಲಿ ಆಪಾಗೆ ಹೇಳಿದೆ. ನಮ್ಮ ಆಪಾ ಪಿಯುಸಿಯಲ್ಲಿ ವಿಜ್ಞಾನ ಓದಿದವಳು, ಒಳ್ಳೆಯ ಅಂಕ ತೆಗೆದವಳು. ಮದುವೆಯಾಗಿ ಮುಳಬಾಗಿಲಿಗೆ ಹೋದಳು, ಓದು ಅಲ್ಲಿಗೆ ನಿಂತಿತು. ಈಗ ಏಳು ವರ್ಷವಾಯಿತು, ಎರಡು ಮಕ್ಕಳು. ಬಿ.ಎಸ್ಸಿ. ಸೇರಲೇ ಎಂಬ ಮಾತು ಈ ವರ್ಷ ಮತ್ತೆ ಮನೆಯಲ್ಲಿ ಬಂದಿದೆ. ದೂಲ್ಹಾಭಾಯಿ ಸರಿ ಎನ್ನುತ್ತಾರೆ. ಬೇಡ ಎನ್ನುತ್ತಿರುವವಳು ಅವಳೇ. ಹದಿನೆಂಟರ ಹುಡುಗಿಯರ ನಡುವೆ ತಾನು ಹೇಗೆ ಕೂರುವುದು ಎಂಬುದೇ ಅವಳ ಸಂಕೋಚ. ನಾನು ಅಯ್ಯಂಗಾರ್ ಅವರ ವಯಸ್ಸು ಹೇಳಿದೆ. ಅವರಿಗೆ ಕಾಲೇಜಿನ ನೌಕರಿ ಇತ್ತು, ನನಗೆ ಎರಡು ಮಕ್ಕಳ ಟಿಫಿನ್ ಡಬ್ಬಿ ಇದೆ ಎಂದು ಆಪಾ ನಕ್ಕಳು. ಅವಳು ಹೇಳಿದ್ದು ನಿಜ. ಒಬ್ಬರ ಬದುಕನ್ನು ಇನ್ನೊಬ್ಬರಿಗೆ ಹಾಗೇ ತೊಡಿಸಲು ಆಗುವುದಿಲ್ಲ. ಆದರೂ ನನ್ನ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡು ಫ್ರಿಟ್ಶಿಯೆಲ್ಲಾದ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಹೆಟೆರೋಟ್ರೈಕಸ್ ಎಂಬ ಪದವನ್ನು ನನಗಿಂತ ಚೆನ್ನಾಗಿ ಉಚ್ಚರಿಸಿದವಳೂ ಅವಳೇ. ಅರ್ಜಿ ಹಾಕಲು ಇನ್ನೂ ಸಮಯವಿದೆ.

ಫ್ರಿಟ್ಶಿಯೆಲ್ಲಾ ಸಸ್ಯಶಾಸ್ತ್ರದಲ್ಲಿ ಯಾಕೆ ಅಷ್ಟು ಮುಖ್ಯವಾಯಿತು? ಜೀವ ಮೊದಲು ನೀರಿನಲ್ಲಿತ್ತು. ಹಸಿರು ಪಾಚಿಗಳು ಎಂದೋ ಒಂದು ಕಾಲದಲ್ಲಿ ನೆಲಕ್ಕೆ ಬಂದು, ಅವುಗಳಿಂದ ಹಾವಸೆ, ಜರೀಗಿಡ, ಕೊನೆಗೆ ಹೂ ಬಿಡುವ ಮಾವು, ಬೇವು ಎಲ್ಲ ಆದವು ಎಂದು ಸಸ್ಯಶಾಸ್ತ್ರ ಹೇಳುತ್ತದೆ. ಆದರೆ ನೀರಿನಲ್ಲಿ ತೇಲುವ ದಾರ ನೆಲದ ಮೇಲೆ ನಿಲ್ಲುವ ಗಿಡವಾದದ್ದು ಹೇಗೆ? ನೀರು ಹೀರಲು ಕೆಳಗೆ ಏನಾದರೂ ಬೇಕು, ಬೆಳಕು ಹಿಡಿಯಲು ಮೇಲೆ ಏನಾದರೂ ಬೇಕು, ಬರಗಾಲ ತಡೆಯಲು ನಡುವೆ ಏನಾದರೂ ಬೇಕು. ಈ ಮೂರೂ ಇದ್ದ ಒಂದು ಪಾಚಿಯನ್ನು ಅಯ್ಯಂಗಾರ್ ಹೊಂಡದ ಕೆಸರಿನಿಂದ ತೆಗೆದು ತೋರಿಸಿದ್ದರು. ಫ್ರಿಟ್ಶ್ 1945ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ನೆಲದ ಸಸ್ಯಗಳ ಪೂರ್ವಜ ಇಂಥ ಮೈಕಟ್ಟಿನ ಪಾಚಿಯೇ ಇರಬೇಕು ಎಂದು ವಾದಿಸಿದರು. ಅಲ್ಲಿಂದ ಬಹಳ ವರ್ಷ ಸಸ್ಯಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಫ್ರಿಟ್ಶಿಯೆಲ್ಲಾಗೆ ದೊಡ್ಡ ಜಾಗ ಸಿಕ್ಕಿತು.

ಕಥೆ ಇಲ್ಲಿಗೆ ನಿಲ್ಲಲಿಲ್ಲ. 1970ರ ದಶಕದ ಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಿತ್ತು. ಒಂದು ಜೀವಕೋಶ ಎರಡಾಗುವಾಗ ಒಳಗೆ ಏನಾಗುತ್ತದೆ ಎಂದು ವಿಜ್ಞಾನಿಗಳು ನೋಡಿದರು. ನಡುವೆ ಹೊಸ ಗೋಡೆ ಬರುವಾಗ ಅಲ್ಲಿ ಅತಿ ಸೂಕ್ಷ್ಮವಾದ ನಳಿಕೆಗಳು ಸಾಲಾಗಿ ನಿಲ್ಲುತ್ತವೆ. ನೆಲದ ಗಿಡಗಳಲ್ಲಿ ಅವು ಗೋಡೆಗೆ ಅಡ್ಡವಾಗಿ ನಿಲ್ಲುತ್ತವೆ. ಫ್ರಿಟ್ಶಿಯೆಲ್ಲಾದಲ್ಲಿ ಅವು ಗೋಡೆ ಹೋಗುವ ದಿಕ್ಕಿನಲ್ಲೇ ಇದ್ದವು. ಅಂದರೆ ಮೇಲ್ನೋಟಕ್ಕೆ ಗಿಡದಂತೆ ಕಂಡರೂ ಒಳಗಿನ ಕ್ರಮ ಬೇರೆ, ಮನೆತನ ಬೇರೆ. ಆಮೇಲೆ ಬಂದ ಡಿಎನ್‌ಎ ಅಧ್ಯಯನಗಳೂ ಇದನ್ನೇ ಹೇಳಿದವು. ನೆಲದ ಸಸ್ಯಗಳ ಹತ್ತಿರದ ಬಂಧುಗಳು ಕೇರಾ, ಕೋಲಿಯೋಕೀಟ್, ಸ್ಪೈರೋಗೈರಾ ಇರುವ ಇನ್ನೊಂದು ಕವಲಿನಲ್ಲಿವೆ. ಅದರಲ್ಲೂ ಎಲ್ಲಕ್ಕಿಂತ ಹತ್ತಿರವೆಂದು ಈಗ ಗುರುತಿಸಿರುವುದು ಸ್ಪೈರೋಗೈರಾದ ಗುಂಪನ್ನು. ಕವಲೇ ಇಲ್ಲದ, ಕೈಯಿಂದ ಜಾರುವ ಅದೇ ರೇಷ್ಮೆ ದಾರ. ಅಯ್ಯಂಗಾರ್ ಅವರು ಜೀವಮಾನವಿಡೀ ಅದನ್ನೂ ನೋಡುತ್ತಿದ್ದರು ಎಂಬುದನ್ನು ಮರೆಯಬಾರದು.

ಹಾಗಾದರೆ ಫ್ರಿಟ್ಶಿಯೆಲ್ಲಾದ ಬೆಲೆ ಕಡಿಮೆಯಾಯಿತೇ? ನಾನು ಇದನ್ನು ಮೇಡಂ ಹತ್ತಿರ ಕೇಳಿದೆ. ಅವರು ಹೇಳಿದ್ದರ ಸಾರ ಇಷ್ಟು. ಅದು ಗಿಡಗಳ ಅಜ್ಜ ಅಲ್ಲ ಎಂದು ಗೊತ್ತಾಯಿತು. ಆದರೆ ನೆಲದ ಮೇಲೆ ಬದುಕಲು ಬೇರು, ಗೆಡ್ಡೆ, ಕೊಂಬೆ ಎಂಬ ಉಪಾಯವನ್ನು ಗಿಡಗಳ ವಂಶಕ್ಕೆ ಸಂಬಂಧವಿಲ್ಲದ ಇನ್ನೊಂದು ವಂಶವೂ ತಾನಾಗಿ ಕಂಡುಕೊಂಡಿತ್ತು ಎಂದೂ ಗೊತ್ತಾಯಿತು. ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕ ವಿಷಯವಲ್ಲ. ಅಯ್ಯಂಗಾರ್ ಅವರು ಕಂಡದ್ದನ್ನು ಕಂಡಂತೆ, ಭಾಗ ಭಾಗವಾಗಿ ಚಿತ್ರ ಸಮೇತ ಬರೆದಿಟ್ಟದ್ದರಿಂದ ಆ ವಿವರಣೆ ಇಂದಿಗೂ ನಿಂತಿದೆ. ಬದಲಾದದ್ದು ಅದರ ಮೇಲೆ ಬೇರೆಯವರು ಕಟ್ಟಿದ ಊಹೆ. ನಮ್ಮ ಅಬ್ಬಾ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ಲಾಭವೋ ನಷ್ಟವೋ ಎಂಬುದರಲ್ಲಿ ಎಷ್ಟು ವಾದ ಬಂದರೂ, ದಿನದಿನದ ಚೀಟಿ ಸರಿಯಾಗಿದ್ದರೆ ಲೆಕ್ಕ ಯಾವಾಗ ಬೇಕಾದರೂ ಮತ್ತೆ ಹಾಕಬಹುದು ಎಂದು ಅವರು ಹೇಳುತ್ತಿರುತ್ತಾರೆ. ನನಗೆ ಇದು ಅಂಥದ್ದೇ ಎನಿಸಿತು.

ಲಂಡನ್ನಿನಿಂದ ಮರಳಿದ ಮೇಲೆ ಅಯ್ಯಂಗಾರ್ ಮದ್ರಾಸ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾದರು. ಹೊಸ ಪಾಚಿಗಳ ಶೋಧ ನಿಲ್ಲಲಿಲ್ಲ. 1933ರಲ್ಲಿ ಎಕ್ಬಲೋಸಿಸ್ಟಾಪ್ಸಿಸ್, 1936ರಲ್ಲಿ ಕೆರಾಸಿಯೋಸೈಫನ್ ಎಂಬ ಕುಲಗಳನ್ನು ವಿವರಿಸಿದರು. ಅವರ ಸುತ್ತ ಒಂದು ಶಿಷ್ಯಬಳಗ ಬೆಳೆಯಿತು. ಅವರಲ್ಲಿ ಹೆಚ್ಚು ಹೆಸರಾದವರು ಟಿ.ವಿ. ದೇಶಿಕಾಚಾರಿ. ನೀಲಿಹಸಿರು ಪಾಚಿಗಳ ಬಗ್ಗೆ ದೇಶಿಕಾಚಾರಿ ಬರೆದ ಸಯನೋಫೈಟಾ ಎಂಬ ದೊಡ್ಡ ಗ್ರಂಥ 1959ರಲ್ಲಿ ಬಂತು. ಅದನ್ನು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಪ್ರಕಟಿಸಿತು. ಕೃಷಿಗೂ ಪಾಚಿಗೂ ಏನು ಸಂಬಂಧ ಎಂದರೆ, ಭತ್ತದ ಗದ್ದೆಯಲ್ಲಿ ಬೆಳೆಯುವ ಕೆಲವು ನೀಲಿಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ರೈತ ಕಾಸು ಕೊಡದೆ ಸಿಗುವ ಗೊಬ್ಬರ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಸ್ಪಿರುಲಿನಾ ಎಂಬ ಪಾಚಿಯನ್ನು ಆಹಾರವಾಗಿ ಬಳಸುವ ಬಗ್ಗೆ ಕೆಲಸ ನಡೆದಿದೆ. ಪಾಚಿಯಿಂದ ಏನು ಲಾಭ ಎಂದು ಕೇಳುವ ನನ್ನ ಕಾಮರ್ಸ್ ಗೆಳೆಯರಿಗೆ ಸದ್ಯಕ್ಕೆ ಇಷ್ಟು ಸಾಕು.

1962ರಲ್ಲಿ ಭಾರತದ ಪಾಚಿ ವಿಜ್ಞಾನಿಗಳ ಸಂಘ ಸ್ಥಾಪನೆಯಾದಾಗ ಅಯ್ಯಂಗಾರ್ ಅದರ ಮೊದಲ ಅಧ್ಯಕ್ಷರಾದರು. ಮರುವರ್ಷವೇ ತೀರಿಕೊಂಡರು. ವಾಲ್ವಾಕ್ಸ್ ಬಳಗದ ಬಗ್ಗೆ ಅವರ ಕೆಲಸವನ್ನು ಶಿಷ್ಯ ದೇಶಿಕಾಚಾರಿ ಮುಂದುವರಿಸಿದರು. ಆ ಗ್ರಂಥ ಗುರುಶಿಷ್ಯರಿಬ್ಬರ ಹೆಸರಿನಲ್ಲಿ 1981ರಲ್ಲಿ ಅಚ್ಚಾಯಿತು. ಗುರು ಹೋಗಿ ಆಗಲೇ ಹದಿನೆಂಟು ವರ್ಷವಾಗಿತ್ತು.

ಹೆಸರಿನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಅಯ್ಯಂಗಾರ್ ತಮ್ಮ ಶೋಧಕ್ಕೆ ತಮ್ಮ ಹೆಸರು ಇಡಲಿಲ್ಲ, ಗುರುವಿನ ಹೆಸರು ಇಟ್ಟರು. ಆದರೆ 1939ರಲ್ಲಿ ಡೆನ್ಮಾರ್ಕಿನ ಬೋರ್ಗೆಸನ್ ಎಂಬ ವಿಜ್ಞಾನಿ ಸಮುದ್ರದ ಒಂದು ಕಂದು ಪಾಚಿಗೆ ಅಯ್ಯಂಗಾರಿಯಾ ಎಂದು ಹೆಸರು ಕೊಟ್ಟರು. 1953ರಲ್ಲಿ ದೇಶಿಕಾಚಾರಿ ಒಂದು ನೀಲಿಹಸಿರು ಪಾಚಿಗೆ ಅಯ್ಯಂಗಾರಿಯೆಲ್ಲಾ ಎಂದು ಹೆಸರಿಟ್ಟರು. ಕೊಟ್ಟ ಗೌರವ ಎರಡು ಪಟ್ಟು ಆಗಿ ತಿರುಗಿ ಬಂತು.

ಈಗ ನಮ್ಮ ಕಡೆಗೆ ನೋಡೋಣ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನಮ್ಮದು ಕೆರೆಗಳ ನಾಡು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಕಡೆ ಬಸ್ಸಿನಲ್ಲಿ ಹೋದರೂ ಕಿಟಕಿಯಿಂದ ಕೆರೆ ಏರಿ ಕಾಣುತ್ತದೆ. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಒಣಗುವ ಹೊಂಡ, ಅದರ ತಳದ ಹೂಳು, ಹೂಳಿನ ಮೇಲೆ ಹಸಿರು ಮಚ್ಚೆ ನಮಗೆ ದಿನನಿತ್ಯದ ನೋಟ. ಫ್ರಿಟ್ಶಿಯೆಲ್ಲಾ ಸಿಕ್ಕಿದ್ದು ಇಂಥದೇ ಜಾಗದಲ್ಲಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಹಲವು ಕೆರೆಗಳಿಗೆ ಬರುತ್ತಿದೆ. ಅದರ ಬಗ್ಗೆ ಊರಿನಲ್ಲಿ ಎರಡು ಮಾತಿದೆ. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು ಎಂದು ಸಂತೋಷಪಡುವವರು ಇದ್ದಾರೆ, ಈ ನೀರು ಎಷ್ಟು ಶುದ್ಧ ಎಂದು ಕೇಳುವವರೂ ಇದ್ದಾರೆ. ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚಾದರೆ ಪಾಚಿ ಹೆಚ್ಚುತ್ತದೆ. ಯಾವ ಜಾತಿಯ ಪಾಚಿ ಹೆಚ್ಚಿದೆ ಎಂದು ಗುರುತಿಸಬಲ್ಲವರಿಗೆ ನೀರಿನ ಸ್ಥಿತಿ ಸ್ವಲ್ಪವಾದರೂ ತಿಳಿಯುತ್ತದೆ. ನಮಗೆ ತಿಳಿಯುವುದು ಹಸಿರು ಎಂದಷ್ಟೇ. ನಮ್ಮ ಕೆರೆಯ ನೀರಿನ ಬಗ್ಗೆ ಪ್ರತಿಸಲ ಹೊರಗಿನಿಂದ ಯಾರೋ ಬಂದು ಹೇಳಬೇಕು, ನಾವು ನಂಬಬೇಕು ಅಥವಾ ನಂಬದೆ ಇರಬೇಕು. ನಮ್ಮಲ್ಲೇ ನಾಲ್ಕು ಜನ ಗುರುತಿಸಲು ಕಲಿತರೆ ಆ ಮಾತುಕತೆಗೆ ನಾವೂ ಸೇರಬಹುದು.

ನಾನು ಪಿಯುಸಿ ಮುಗಿಸಿ ಬಿ.ಕಾಂ. ಮಾಡುತ್ತೇನೆ. ಅದರಲ್ಲಿ ಬದಲಾವಣೆ ಇಲ್ಲ. ಆದರೆ ಪಾಚಿ ನೋಡಲು ವಿಜ್ಞಾನ ವಿಭಾಗದ ಗುರುತಿನ ಚೀಟಿ ಬೇಕಿಲ್ಲ ಎಂದು ಮೇಡಂ ಹೇಳಿದ್ದಾರೆ. ಎರಡನೆಯ ಶನಿವಾರದ ಹಿಂದಿನ ದಿನ, ಶುಕ್ರವಾರ ಜುಮಾ ನಮಾಜ್ ಮುಗಿದ ಮೇಲೆ, ಮೂರು ಗಂಟೆಗೆ ಜೀವಶಾಸ್ತ್ರ ಲ್ಯಾಬ್ ತೆರೆದಿರುತ್ತದೆ. ಎಲ್ಲ ವಿಭಾಗದವರೂ ಬರಬಹುದು. ಬರುವವರು ತಮ್ಮ ಊರಿನ ಕೆರೆ, ಸಂಪು, ಹೊಂಡ ಅಥವಾ ಒದ್ದೆ ಮಣ್ಣಿನಿಂದ ಸ್ವಲ್ಪ ಪಾಚಿಯನ್ನು ಚಿಕ್ಕ ಬಾಟಲಿಯಲ್ಲಿ ತರಬೇಕು. ಅದೇ ಜಾಗದ ನೀರು ಅರ್ಧ ಬಾಟಲಿ ಇರಲಿ, ಮುಚ್ಚಳ ಬಿಗಿಯಾಗಿ ಹಾಕಬೇಡಿ. ಮೇಲೆ ಒಂದು ಚೀಟಿ ಅಂಟಿಸಿ ಊರು, ಜಾಗ, ದಿನಾಂಕ ಬರೆಯಿರಿ. ಕೆರೆಗೆ ಒಬ್ಬರೇ ಹೋಗಬೇಡಿ, ಆಳಕ್ಕೆ ಇಳಿಯಬೇಡಿ, ಅಂಚಿನದು ಸಾಕು. ಮೊದಲು ಬೆರಳಿನಿಂದ ಮುಟ್ಟಿ ನೋಡಿ. ರೇಷ್ಮೆಯಂತಿದ್ದರೆ ಸ್ಪೈರೋಗೈರಾ ಇರಬಹುದು, ಹತ್ತಿಯಂತಿದ್ದರೆ ಕ್ಲಾಡೋಫೋರಾ ಇರಬಹುದು. ಕವಲು ಇದೆಯೋ ಇಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಒಟ್ಟಿಗೆ ನೋಡೋಣ. ಯಾವ ಊರಿನಿಂದ ಏನು ಬಂತು ಎಂಬ ಪಟ್ಟಿಯನ್ನು ಬರೆಯುವ ಕೆಲಸ ನನ್ನದು. ಮುಂದಿನ ಸಂಚಿಕೆಯಲ್ಲಿ ಅದನ್ನು ಕೊಡುತ್ತೇನೆ.